ಮೂರು ಸೇರು ಹಿಟ್ಟಿನ ಲೆಕ್ಕ

ಅಕ್ಕಾ, ವಂದನೆ. ಭಾನುವಾರ ಸ್ತ್ರೀಯರ ಕೂಟದಲ್ಲಿ ಮತ್ತಾಯ 13:33ರ ಮೇಲೆ ಹತ್ತು ನಿಮಿಷ ಮಾತಾಡ್ಬೇಕು, ಇರೋದೇ ಒಂದು ವಚನ, ಹುಳಿಹಿಟ್ಟಿನ ಬಗ್ಗೆ ಅಷ್ಟು ಹೊತ್ತು ಏನು ಹೇಳೋದು ಅಂತ ಬೆಳಿಗ್ಗೆ ಕೇಳಿದ್ರಲ್ಲ. ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಕೆಲಸ ಮಾಡ್ತಾ ಕೇಳ್ಕೊಳ್ಳಿ.

ವಚನ ಹೇಳೋದು ಇಷ್ಟು: ಪರಲೋಕರಾಜ್ಯ ಹುಳಿಹಿಟ್ಟಿನ ಹಾಗೆ, ಒಬ್ಬ ಹೆಂಗಸು ಅದನ್ನ ಮೂರು ಸೇರು ಹಿಟ್ಟಲ್ಲಿ ಅಡಗಿಸಿಟ್ಟಳು, ಹಿಟ್ಟೆಲ್ಲಾ ಹುಳಿಯಾಯ್ತು. ಮೊದಲು ಆ "ಮೂರು ಸೇರು" ಅನ್ನೋದನ್ನ ಹಿಡ್ಕೊಳ್ಳಿ. ನಾವು ಸೇರು ಅಂದ ಕೂಡಲೇ ಅಡುಗೆಮನೆ ಸೇರು, ಪಾವು ನೆನಪಿಗೆ ಬಂದು, ಓ, ಮೂರು ಕಿಲೋ ಇರ್ಬೇಕು ಅಂದ್ಕೊಂಡು ಮುಂದೆ ಹೋಗ್ಬಿಡ್ತೀವಿ. ಮೂಲದಲ್ಲಿರೋ ಅಳತೆ ಯೆಹೂದ್ಯರ ಸೆಆ. ಒಂದು ಸೆಆ ಅಂದ್ರೆ ಹೆಚ್ಚುಕಡಿಮೆ 13 ಲೀಟರ್ ಹಿಡಿಯೋ ಅಳತೆ. ಮೂರು ಅಂದ್ರೆ 39 ಲೀಟರ್, ತೂಕದಲ್ಲಿ ಇಪ್ಪತ್ತು ಕಿಲೋ ದಾಟುತ್ತೆ. ನೀರು ಸೇರಿಸಿ ನಾದಿದ್ರೆ ಮೂವತ್ತು ಕಿಲೋಗೂ ಮೇಲೆ ಮುದ್ದೆ. ಒಂದು ಮನೆಯ ರಾತ್ರಿ ಊಟ ಅಲ್ಲ ಇದು, ನೂರು ಜನಕ್ಕೆ ಸಾಕಾಗೋ ರೊಟ್ಟಿ! ಇಷ್ಟನ್ನೂ ಕೈಯಲ್ಲಿ ನಾದೋಳು ಒಬ್ಬಳು ಹೆಂಗಸು. ಆದಿಕಾಂಡ 18:6ರಲ್ಲಿ ಅಬ್ರಹಾಮ ಸಾರಳಿಗೆ ಹೇಳಿದ್ದೂ ಇದೇ ಅಳತೆ, ಅಲ್ಲಿ ಬಂದಿದ್ದ ಅತಿಥಿಗಳು ಮೂರೇ ಜನ. ಕೂಟದಲ್ಲಿ ಈ ಲೆಕ್ಕ ಹೇಳಿ ಒಂದು ಕ್ಷಣ ಸುಮ್ನಿರಿ. ಮದುವೆಮನೆ ಅಡುಗೆ ಮಾಡಿದೋರಿಗೆ ತಟ್ಟನೆ ಅರ್ಥ ಆಗುತ್ತೆ.

ಇನ್ನು ಹುಳಿಹಿಟ್ಟು. ಅದು ಅಂಗಡಿ ಈಸ್ಟ್ ಪುಡಿ ಅಲ್ಲ. ಹಿಂದಿನ ಸಲ ನಾದಿದ ಹಿಟ್ಟಲ್ಲಿ ಒಂದು ಉಂಡೆ ತೆಗೆದಿಟ್ಟು ಹುಳಿ ಬರಿಸಿದ್ದು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಇಡ್ಲಿ ಹಿಟ್ಟಲ್ಲ, ಅದು ತಾನಾಗೇ ಹುದುಗುತ್ತೆ. ಹತ್ತಿರದ್ದು ಮೊಸರಿನ ಹೆಪ್ಪು. ನಿನ್ನೆಯದ್ರಲ್ಲಿ ಒಂದು ಚಮಚ ಇವತ್ತಿನ ಹಾಲಿಗೆ. ಹಾಕಿ ಕಲಸಿದ ಮೇಲೆ ಹೆಪ್ಪು ಎಲ್ಲಿದೆ ತೋರ್ಸು ಅಂದ್ರೆ ಯಾರಿಗೂ ಆಗಲ್ಲ, ವಾಪಸ್ ತೆಗೆಯೋಕಂತೂ ಆಗೋದೇ ಇಲ್ಲ.

ಯೇಸುಸ್ವಾಮಿ "ಬೆರೆಸಿದಳು" ಅನ್ನಲಿಲ್ಲ ಅಕ್ಕಾ, "ಅಡಗಿಸಿಟ್ಟಳು" ಅಂದ್ರು. ನನಗೆ ಇಡೀ ವಚನದ ಭಾರ ಆ ಒಂದು ಮಾತಿನ ಮೇಲೇ ಇದೆ ಅನ್ಸುತ್ತೆ. ಅದೇ ಅಧ್ಯಾಯದ 44ನೇ ವಚನದಲ್ಲಿ ಹೊಲದಲ್ಲಿ ಹೂಳಿಟ್ಟ ನಿಧಿ ಬರುತ್ತೆ, ಮತ್ತಾಯ 6:6ರಲ್ಲಿ ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡು ಅಂತಾರೆ. ಅದಕ್ಕೇ ಅನ್ವಯ ಹೇಳುವಾಗ ದೊಡ್ಡ ಸೇವೆ, ದೊಡ್ಡ ಸಭೆ ಅಂತ ಹೋಗ್ಬೇಡಿ. ಡಬ್ಬಿ ಮುಚ್ಚಳ ಹಾಕುವಾಗ ಮಗುವಿನ ಹೆಸರು ಹಿಡಿದು ಮಾಡೋ ಒಂದು ಸಾಲಿನ ಪ್ರಾರ್ಥನೆ, ಯಾರೂ ನೋಡದಾಗಲೂ ತಕ್ಕಡಿ ಸರಿಯಾಗಿ ಹಿಡಿಯೋದು, ಓರಗಿತ್ತಿ ಬಗ್ಗೆ ಬಾಯಿಗೆ ಬಂದ ಮಾತನ್ನ ನುಂಗ್ಕೊಳ್ಳೋದು, ಇಂಥವು. ಮೂರು ಸಾಕು.

ಎರಡು ಕಡೆ ತಪ್ಪಾಗುತ್ತೆ, ಎಚ್ಚರ. ಹುಳಿ ಅಂದ್ರೆ ಪಾಪ ತಾನೇ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಮತ್ತಾಯ 16:6ರಲ್ಲಿ ಫರಿಸಾಯರ, ಅಂದ್ರೆ ಯೆಹೂದ್ಯರ ಒಂದು ಧಾರ್ಮಿಕ ಪಂಗಡದವರ, ಹುಳಿಯ ವಿಷಯದಲ್ಲಿ ಎಚ್ಚರಿಕೆ ಅಂತ ಇದೆ, ನಿಜ. ಆದ್ರೆ ಅಲ್ಲಿ ಅದು ಅವರ ಬೋಧನೆ ಅಂತ 12ನೇ ವಚನವೇ ಬಿಡಿಸಿ ಹೇಳುತ್ತೆ, ಇಲ್ಲಿ ಪರಲೋಕರಾಜ್ಯಕ್ಕೇ ಹೋಲಿಕೆ ಅಂತ ವಚನವೇ ಶುರುವಾಗುತ್ತೆ. ಗುಣ ಒಂದೇ, ಸ್ವಲ್ಪವೇ ಎಲ್ಲವನ್ನೂ ಬದಲಾಯಿಸೋದು. ಒಳಗೆ ಹೋದದ್ದು ಯಾವುದು ಅನ್ನೋದಷ್ಟೇ ಬೇರೆ. ಇನ್ನೊಂದು, ಮೂರು ಸೇರಿಗೆ ದೇಹ, ಪ್ರಾಣ, ಆತ್ಮ ಅಂತ ಅರ್ಥ ಹಚ್ಚೋದು. ಬೇಡ, ಅದು ಅಳತೆ ಅಷ್ಟೇ.

ಓದುವಾಗ 31ರಿಂದ ಓದಿ, ಅಲ್ಲಿ ಸಾಸಿವೆ ಕಾಳಿನ ಸಾಮ್ಯ, ಅಂದ್ರೆ ಹೋಲಿಕೆಯ ಕಥೆ ಇದೆ. ಸಾಸಿವೆ ಬಿತ್ತೋನು ಹೊಲದಲ್ಲಿರೋ ಗಂಡಸು, ಹಿಟ್ಟು ನಾದೋಳು ಮನೆಯಲ್ಲಿರೋ ಹೆಂಗಸು, ಎರಡೂ ಜೋಡಿ ಸಾಮ್ಯ. ಎರಡು ಸಲ ನಿಧಾನಕ್ಕೆ ಓದಿದ್ರೆ ಎರಡು ನಿಮಿಷ. ಲೆಕ್ಕಕ್ಕೆ ಮೂರು, ಅನ್ವಯಕ್ಕೆ ನಾಲ್ಕು, ಪ್ರಾರ್ಥನೆಗೆ ಒಂದು.

ತೋರಿಸೋಕೆ ಹೆಪ್ಪನ್ನೇ ತಗೊಂಡು ಹೋಗಿ. ಶನಿವಾರ ರಾತ್ರಿ ಅರ್ಧ ಲೀಟರ್ ಹಾಲು ಕಾಯಿಸಿ ಆರಿಸಿ. ಬೆರಳಿಟ್ಟು ಹತ್ತು ಎಣಿಸೋ ತನಕ ಸುಡಬಾರದು, ಆದ್ರೆ ಬೆಚ್ಚಗಿರ್ಬೇಕು. ಬಿಸಿ ಜಾಸ್ತಿ ಇದ್ರೆ ಹೆಪ್ಪು ಸಾಯುತ್ತೆ, ತಣ್ಣಗಾಗಿದ್ರೆ ಬೆಳಿಗ್ಗೆ ನೀರುನೀರಾಗಿರುತ್ತೆ. ಒಂದು ಚಿಕ್ಕ ಚಮಚ ಮೊಸರು ಸಾಕು. ಈಗ ಚಳಿ ಅಲ್ವಾ, ಟವೆಲ್ ಸುತ್ತಿಡಿ, ಹತ್ತು ಗಂಟೆ ಹಿಡಿಯುತ್ತೆ. ಒಯ್ಯೋ ಡಬ್ಬಿಯಲ್ಲೇ ಹೆಪ್ಪು ಹಾಕಿ, ಬೇರೆ ಪಾತ್ರೆಗೆ ಸುರಿದ್ರೆ ಒಡೆಯುತ್ತೆ. ಆಟೋದಲ್ಲಿ ತೊಡೆ ಮೇಲಿಟ್ಕೊಳ್ಳಿ. ಜೊತೆಗೆ ಬೆಳಿಗ್ಗೆ ಕಾಯಿಸಿದ ಹಾಲು ಇನ್ನೊಂದು ಅಂಥದೇ ಡಬ್ಬಿಯಲ್ಲಿ. ಎರಡನ್ನೂ ಮುಚ್ಚೇ ಮೇಜಿನ ಮೇಲಿಡಿ, ಯಾವುದು ಯಾವುದು ಅಂತ ಹೇಳ್ಬೇಡಿ. 33ನೇ ವಚನ ಎರಡನೇ ಸಲ ಓದಿ ಮುಗಿಸಿದ ಮೇಲೆ ಮುಚ್ಚಳ ತೆಗೀರಿ.