ಉಜಿರೆಗೆ ಕಬಡ್ಡಿ ನೋಡಲು ಹೋಗುವುದು: ಹೋಗಿ ಬಂದವರು ಏನು ಹೇಳುತ್ತೀರಿ?

ಪ್ರಶ್ನೆ, ಮಂಗಳೂರಿನ ಬಿಜೈಯಿಂದ

ನಾನು ಉಡುಪಿಯ ಕಾಲೇಜೊಂದರಲ್ಲಿ ಓದಿದವಳು. 2006ರಿಂದ 2009ರವರೆಗೆ ಅಲ್ಲಿನ ಮಹಿಳಾ ಕಬಡ್ಡಿ ತಂಡದಲ್ಲಿ ಎಡ ಕಾರ್ನರ್, ಅಂದರೆ ಎಡ ತುದಿಯಲ್ಲಿ ನಿಂತು ದಾಳಿಗೆ ಬಂದವರನ್ನು ಹಿಡಿಯುವ ಜಾಗದಲ್ಲಿ ಆಡುತ್ತಿದ್ದೆ. ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ನಮ್ಮ ತಂಡದ ಒಂದು ಪಂದ್ಯವನ್ನೂ ನೋಡಲು ಆಗಿಲ್ಲ. ಬರುವ ಶನಿವಾರ, ಭಾನುವಾರ ಉಜಿರೆಯಲ್ಲಿ ಅಂತರ ಕಾಲೇಜು ಪಂದ್ಯಾಟ ಉಂಟು. ನಮ್ಮ ಹುಡುಗಿಯರೂ ಆಡುತ್ತಿದ್ದಾರೆ.

ಹತ್ತು ವರ್ಷದ ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಕಾರಿನಲ್ಲಿ ಹೋಗುವ ಯೋಚನೆ. ಅತ್ತೆಗೆ ಮಂಡಿನೋವು. ನಮ್ಮವರಿಗೆ ಶನಿವಾರ ಕೆಲಸ, ಹಾಗಾಗಿ ಗಾಡಿ ನಾನೇ ಓಡಿಸಬೇಕು. ಭಾನುವಾರ ಹೋಗಿ ಫೈನಲ್ ನೋಡಿ ಬಂದರೆ ಸಾಕಾ? ಅಥವಾ ಶನಿವಾರವೇ ಹೋಗಿ ಉಳಿಯಬೇಕಾ? ಇಂಥ ಪಂದ್ಯಗಳಿಗೆ ಹೋಗಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಳ್ತಂಗಡಿಯವರೊಬ್ಬರು

ಅಕ್ಕ, ನಾನು ದಾರಿಯ ವಿಷಯ ಮಾತ್ರ ಹೇಳುತ್ತೇನೆ. ಆಟದ ವಿಷಯ ಗೊತ್ತಿದ್ದವರು ಹೇಳಲಿ.

ಪಡೀಲು, ಫರಂಗಿಪೇಟೆ, ಬಿ.ಸಿ.ರೋಡು, ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಆಮೇಲೆ ಉಜಿರೆ. ಸುಮಾರು 70 ಕಿ.ಮೀ. ದೂರ ಕಡಿಮೆ ಅನ್ನಿಸಬಹುದು, ಆದರೆ ಎರಡು ಗಂಟೆ ಇಟ್ಟುಕೊಳ್ಳಿ. ಬಿ.ಸಿ.ರೋಡಿನ ಮೊದಲು ಬ್ರಹ್ಮರಕೂಟ್ಲಿನಲ್ಲಿ ಟೋಲ್ ಉಂಟು. ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ಅಂತ ಹಿಂದಿನ ರಾತ್ರಿಯೇ ನೋಡಿ. ಶನಿವಾರ ಭಾನುವಾರ ಧರ್ಮಸ್ಥಳಕ್ಕೆ ಹೋಗುವ ಗಾಡಿಗಳು ಪೂರ್ತಿ ಇದೇ ದಾರಿ ಹಿಡಿಯುತ್ತವೆ. ಏಳು ಗಂಟೆಗೆ ಮೊದಲು ಬಿ.ಸಿ.ರೋಡು ದಾಟಿದರೆ ನಿಮಗೆ ಆರಾಮ. ಅಲ್ಲಿ ನಿಂತು ತಿಂಡಿ ತಿನ್ನುವ ಬದಲು ಮಡಂತ್ಯಾರಿನಲ್ಲಿ ನಿಲ್ಲಿಸಿ. ಬನ್ಸ್ ಬಿಸಿ ಇರುವಾಗಲೇ ಸಿಗುತ್ತದೆ, ಗಾಡಿ ನಿಲ್ಲಿಸಲು ಜಾಗವೂ ಸಿಗುತ್ತದೆ.

ವಾಪಸ್ ಬರುವಾಗ ಭಾನುವಾರ ಸಂಜೆ ಬೆಳ್ತಂಗಡಿ ಪೇಟೆಯಲ್ಲಿ ಗಾಡಿ ಸಾಲು ಇರುತ್ತದೆ. ಗುರುವಾಯನಕೆರೆಯವರೆಗೆ ಬಂದು, ಅಲ್ಲಿಂದ ವೇಣೂರು, ಮೂಡುಬಿದಿರೆ ದಾರಿ ಹಿಡಿಯಿರಿ. ಮೂಡುಬಿದಿರೆಯಿಂದ ಕೈಕಂಬ, ಗುರುಪುರ ದಾಟಿ ನಂತೂರಿಗೆ ಬಂದರೆ ಬಿಜೈಗೆ ಹತ್ತಿರವೇ. ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಉಂಟು. ಮಗಳಿಗೆ ತೋರಿಸಬಹುದು. ಬೆಳಕು ಇದ್ದರೆ ಮಾತ್ರ.

ರೂಮ್ ವಿಷಯ: ಧರ್ಮಸ್ಥಳ ಉಜಿರೆಯಿಂದ ಹತ್ತು ಕಿ.ಮೀ. ಒಳಗೇ. ಆದರೆ ವಾರದ ಕೊನೆಯಲ್ಲಿ ಅಲ್ಲಿನ ವಸತಿಗೃಹಗಳು ಬೇಗ ತುಂಬುತ್ತವೆ. ಉಜಿರೆ ಅಥವಾ ಬೆಳ್ತಂಗಡಿಯಲ್ಲಿ ಮೊದಲೇ ಫೋನ್ ಮಾಡಿ ಕೆಳಮಹಡಿ ರೂಮ್ ಕೇಳಿ. ಲಿಫ್ಟ್ ಇದೆ ಅಂದರೂ ಕೆಳಮಹಡಿಯೇ ಕೇಳಿ.

ಸುರತ್ಕಲ್‌ನವರೊಬ್ಬರು

ನಾನು ಎರಡು ಸಲ ಇಂಥ ಪಂದ್ಯಕ್ಕೆ ಬೆಳಗ್ಗೆ ಹೋಗಿ ರಾತ್ರಿ ಬಂದಿದ್ದೇನೆ. ಏನೂ ತೊಂದರೆ ಆಗಲಿಲ್ಲ. ಉಳಿಯುವ ಖರ್ಚು ಸುಮ್ನೆ ಯಾಕೆ? ಭಾನುವಾರ ಒಂದು ದಿನ ಸಾಕು ಅಂತ ನನಗೆ ಅನ್ನಿಸುತ್ತದೆ.

ಒಂದು ಪ್ಲಾಸ್ಟಿಕ್ ಕುರ್ಚಿ ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಗ್ಯಾಲರಿ ಅಂದರೆ ಸಿಮೆಂಟಿನ ಮೆಟ್ಟಿಲು, ನಿಮ್ಮ ಅತ್ತೆಗೆ ಅದರಲ್ಲಿ ಕೂರಲು ಕಷ್ಟ. ಕೊಡೆ, ಟೋಪಿ, ನೀರು ಬೇಕೇ ಬೇಕು. ಜನವರಿ ಆದರೂ ಹನ್ನೊಂದರ ಬಿಸಿಲು ನಮ್ಮ ಕಡೆ ಗೊತ್ತಲ್ಲ. ಚರುಮುರಿ ಅಲ್ಲೇ ಸಿಗುತ್ತದೆ.

ಕುಂದಾಪುರದಿಂದ, ನಿವೃತ್ತ ದೈಹಿಕ ಶಿಕ್ಷಕರು

ಮೂವತ್ತು ವರ್ಷ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತಿದವನು ನಾನು. ಮೇಲಿನ ತಮ್ಮ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ಕಡೆಯ ಅಂತರ ಕಾಲೇಜು ಪಂದ್ಯಾಟ ಹೆಚ್ಚಾಗಿ ನಾಕೌಟ್ ಮತ್ತು ಲೀಗ್ ಎರಡೂ ಸೇರಿದ ಪದ್ಧತಿಯಲ್ಲಿ ನಡೆಯುತ್ತದೆ. ಮೊದಲು ನಾಕೌಟ್, ಸೋತ ತಂಡ ಹೊರಗೆ. ಉಳಿದ ನಾಲ್ಕು ತಂಡಗಳಿಗೆ ಲೀಗ್. ಲೀಗ್‌ನಲ್ಲಿ ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ, ಅಂಕ ಲೆಕ್ಕ ಹಾಕಿ ಚಾಂಪಿಯನ್ ಯಾರು ಅಂತ ಹೇಳುತ್ತಾರೆ. ಹಾಗಿದ್ದರೆ ಫೈನಲ್ ಅನ್ನುವ ಪಂದ್ಯವೇ ಇರುವುದಿಲ್ಲ! ಭಾನುವಾರ ಮಧ್ಯಾಹ್ನ ಮೂರಕ್ಕೆ ಬಂದು "ಫೈನಲ್ ಎಷ್ಟು ಹೊತ್ತಿಗೆ" ಅಂತ ಕೇಳುವ ಪೋಷಕರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಅವರ ಮಕ್ಕಳ ತಂಡ ಶನಿವಾರವೇ ಸೋತು ಬಸ್ ಹತ್ತಿರುತ್ತಿತ್ತು.

ಮೊದಲ ಕೆಲಸ, ತಂಡದ ಮ್ಯಾನೇಜರಿಗೆ ಫೋನ್ ಮಾಡಿ ಟೈಸ್ ಕೇಳಿ. ಯಾರಿಗೆ ಯಾರು ಅನ್ನುವ ಪಟ್ಟಿ ಅದರಲ್ಲಿ ಇರುತ್ತದೆ. ಅದರಲ್ಲಿ ಬರೆದ ಸಮಯವನ್ನು ಪೂರ್ತಿ ನಂಬಬೇಡಿ. ಉದ್ಘಾಟನೆ ತಡವಾದರೆ ಎಲ್ಲವೂ ಹಿಂದೆ ಹೋಗುತ್ತದೆ. ಒಂದು ತಂಡ ಬರಲಿಲ್ಲ ಎಂದರೆ ಎಲ್ಲವೂ ಮುಂದಕ್ಕೆ ಬರುತ್ತದೆ. ಮಹಿಳೆಯರ ಪಂದ್ಯ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಪುರುಷರದ್ದು 20 ನಿಮಿಷದ ಎರಡು ಅವಧಿ. ಎರಡು ಅಂಕಣದಲ್ಲಿ ಒಟ್ಟಿಗೆ ಆಡಿಸಿದರೆ ನೀವು ಚಹಾ ಕುಡಿದು ಬರುವಷ್ಟರಲ್ಲಿ ಒಂದು ಸುತ್ತು ಮುಗಿದಿರುತ್ತದೆ. ಶನಿವಾರ ಬೆಳಗ್ಗೆ ಎಂಟೂವರೆಗೆ ಮೈದಾನದಲ್ಲಿ ಇರಿ. ಇದು ನನ್ನ ಗಟ್ಟಿ ಮಾತು.

ತಿಂಡಿ ಕೊಡುವ ವಿಷಯ. ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದ ಡಬ್ಬ ತುಂಬಾ ತರುತ್ತಾರೆ. ಆದರೆ ತೂಕ ನೋಡುವ ಮೊದಲು ಏನೂ ಕೊಡಬೇಡಿ. ಮಹಿಳೆಯರಿಗೆ 75 ಕೆ.ಜಿ., ಪುರುಷರಿಗೆ 85 ಕೆ.ಜಿ. ಮಿತಿ. ಗಡಿಯಲ್ಲಿ ಇರುವ ಮಗು ಹಿಂದಿನ ರಾತ್ರಿಯಿಂದಲೇ ಸರಿಯಾಗಿ ತಿಂದಿರುವುದಿಲ್ಲ. ಅದರ ಮುಂದೆ ನೀವು ಗೋಳಿಬಜೆ ಪೊಟ್ಟಣ ಬಿಚ್ಚಿದರೆ ಹೇಗಾಗಬೇಡ? ತೂಕ ಆದ ಮೇಲೆ ಬಾಳೆಹಣ್ಣು ಕೊಡಿ, ಬೊಂಡ (ಎಳನೀರು) ಕೊಡಿ. ಎಣ್ಣೆತಿಂಡಿ ಸಂಜೆಗೆ ಇರಲಿ. ಏನು ಕೊಡುವುದಿದ್ದರೂ ಮ್ಯಾನೇಜರ್ ಕೈಗೇ ಕೊಡಿ.

ರಾತ್ರಿ ಹೊನಲು ಬೆಳಕಿನಲ್ಲಿ ಆಟ ಮುಂದುವರಿದರೆ ಇನ್ನೊಂದು ಸಂಗತಿ. ಈಗ ಆಟ ಮ್ಯಾಟ್ ಮೇಲೆ. ಬಯಲಿನಲ್ಲಿ ಹಾಸಿದ ಮ್ಯಾಟ್ ಮೇಲೆ ಇಬ್ಬನಿ ಬಿದ್ದರೆ ಕಾಲು ಜಾರುತ್ತದೆ. ಒರೆಸುತ್ತಾ ಆಡಿಸಬೇಕಾಗುತ್ತದೆ. ಕೆಲವು ಸಲ ನಿಲ್ಲಿಸಿ ಬೆಳಗ್ಗೆ ಆಡಿಸುತ್ತಾರೆ. ಹಾಗಾಗಿ ರೂಮ್ ಮಾಡಿಯೇ ಹೋಗಿ. ಅಂಥ ರಾತ್ರಿ ಹತ್ತು ಗಂಟೆಗೆ ಮಗುವನ್ನೂ ಹಿರಿಯರನ್ನೂ ಕೂರಿಸಿಕೊಂಡು ಒಬ್ಬರೇ ಗಾಡಿ ಓಡಿಸಿಕೊಂಡು ಬರಬೇಡಿ.

ಮಗಳಿಗೆ ದಾರಿಯಲ್ಲಿ ನಾಲ್ಕು ನಿಯಮ ಹೇಳಿಕೊಡಿ. ದಾಳಿಗೆ 30 ಸೆಕೆಂಡ್. ಎದುರು ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್, ಅಂದರೆ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಅಂಕ. ಹಿಡಿಯುವ ತಂಡದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಮಾತ್ರ ಅಂಕಣದಲ್ಲಿ ಉಳಿದಿರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಜಾಸ್ತಿ. ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ದಾಳಿಗಾರ್ತಿ ಔಟ್. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಇವೆಲ್ಲ ಮನೆಮನೆಗೆ ಗೊತ್ತಾಗಿವೆ. ನಿಮ್ಮ ಮಗಳಿಗೆ ಆಗಲೇ ಗೊತ್ತಿರಲೂಬಹುದು.

ಕಾರ್ಕಳದಿಂದ, ಆಟಗಾರ್ತಿಯ ತಾಯಿ

ಸರ್ ಹೇಳಿದ್ದು ಪೂರ್ತಿ ನಿಜ. ನನ್ನ ಕಥೆ ಹೇಳುತ್ತೇನೆ ಮಾರಾಯ್ರೆ, ನೀವು ಹಾಗೆ ಮಾಡಬಾರದು ಅಂತ.

ನನ್ನ ಮಗಳೂ ಹಿಡಿಯುವವಳೇ, ಕವರ್ ಜಾಗದಲ್ಲಿ ಆಡುತ್ತಾಳೆ. ಎರಡು ವರ್ಷದ ಹಿಂದೆ ದೂರದ ಒಂದು ಊರಿನಲ್ಲಿ ಪಂದ್ಯಾಟ ಇತ್ತು. "ಅಮ್ಮ, ನೀನು ಭಾನುವಾರ ಬಾ, ಶನಿವಾರ ಸಣ್ಣ ಪಂದ್ಯ" ಅಂದಳು. ನಾನೂ ಸರಿ ಅಂದೆ. ಶನಿವಾರ ಮಧ್ಯಾಹ್ನ ಎರಡನೇ ಸುತ್ತಿನಲ್ಲೇ ಸೋತರು. ಎರಡೇ ಅಂಕದಲ್ಲಿ. ಫೋನ್ ಮಾಡಿದವಳು ಸೋತೆವು ಅಂತ ಅಳಲಿಲ್ಲ. "ಅಮ್ಮ, ಎದುರಿನವರಿಗೆ ಅವರ ಇಡೀ ಕಾಲೇಜು ಕೂಗುತ್ತಿತ್ತು, ನಮಗೆ ಯಾರೂ ಇರಲಿಲ್ಲ" ಅಂತ ಅತ್ತಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು.

ಮರುವರ್ಷ ನಾವು ಮೂವರು ತಾಯಂದಿರು ಒಂದು ಕಾರು ಮಾಡಿಕೊಂಡು ಬೆಳಗ್ಗೆ ಐದಕ್ಕೆ ಹೊರಟೆವು. ಮೊದಲ ಪಂದ್ಯಕ್ಕೆ ಇನ್ನೂ ಅಂಕಣಕ್ಕೆ ಗೆರೆ ಹಾಕುತ್ತಿದ್ದರು. ಹುಡುಗಿಯರು ಸಾಲಾಗಿ ಬಂದು ಗ್ಯಾಲರಿ ಕಡೆ ನೋಡಿದರು, ನಮ್ಮನ್ನು ಕಂಡರು. ಆ ಏಳೂ ಮುಖ ಬದಲಾದದ್ದನ್ನು ನಾನು ನೋಡಿದ್ದೇನೆ. ಮೂರೇ ಜನ ಇದ್ದೆವು. ಮೂರು ಜನ ಸಾಕಾಗುತ್ತದೆ.

ನಿಮ್ಮದು ಮೈಕಿನಲ್ಲಿ ಹೆಸರು ಕೇಳುವ ದೊಡ್ಡ ತಂಡ ಅಲ್ಲ ಅಂತ ಕಾಣುತ್ತದೆ. ಈ ಕಡೆ ಕಾಲೇಜು ಕ್ರೀಡೆ ಅಂದರೆ ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಹೆಸರು ಬಂದೇ ಬರುತ್ತದೆ, ಅವರಿಗೆ ಕೂಗುವವರೂ ಇರುತ್ತಾರೆ. ಸಣ್ಣ ತಂಡಕ್ಕೆ ಮೊದಲ ಸುತ್ತಿನಲ್ಲೇ ಜನ ಬೇಕು. ಆಮೇಲೆ ಬಂದರೆ ಯಾರಿಗಾಗಿ ಬಂದಂತಾಯಿತು?

ಕೂಗುವಾಗ ಹೆಸರು ಹಿಡಿದು ಕೂಗಿ. ಹೋಗುವ ಮೊದಲು ಏಳೂ ಜನರ ಹೆಸರು, ಬದಲಿ ಆಟಗಾರ್ತಿಯರ ಹೆಸರು ಕೇಳಿ ಬರೆದುಕೊಳ್ಳಿ. ಆದರೆ "ಹಿಡಿ, ಬಿಡು, ಒಳಗೆ ಹೋಗು" ಅಂತ ಹೊರಗಿನಿಂದ ಆಟ ಹೇಳಿಕೊಡಬೇಡಿ. ನೀವು ಆಡಿದವರು, ಬಾಯಿಗೆ ಬಂದೇ ಬರುತ್ತದೆ, ಅದು ನನಗೆ ಅರ್ಥ ಆಗುತ್ತದೆ. ಕೋಚ್ ಒಂದು ಹೇಳಿ ನೀವು ಇನ್ನೊಂದು ಹೇಳಿದರೆ ಮಗು ಯಾರ ಮಾತು ಕೇಳಬೇಕು? ಸೋತರೆ ಕೂಡಲೇ ಎದ್ದು ಹೋಗಬೇಡಿ. ಅವರು ಶೂ ಬಿಚ್ಚಿ, ಬ್ಯಾಗ್ ತುಂಬಿಸಿ ಹೊರಗೆ ಬರುವವರೆಗೆ ಅಲ್ಲಿ ನಿಂತಿರಿ. ಏನೂ ಹೇಳದಿದ್ದರೂ ಆದೀತು.

ಮಗಳಿಗೆ ಮಮತಾ ಪೂಜಾರಿಯವರ ಬಗ್ಗೆ ದಾರಿಯಲ್ಲಿ ಹೇಳಿ. ನಮ್ಮದೇ ಕಾರ್ಕಳ ತಾಲೂಕಿನ ಹೆರ್ಮುಂಡೆಯವರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಹಳ್ಳಿಯ ಹುಡುಗಿ, ಕಾಲೇಜು ಮೈದಾನದಲ್ಲಿ ಆಡಿ ಮೇಲೆ ಹೋದವರು. ನಮ್ಮ ಮನೆಯಲ್ಲಿ ಅವರ ಹೆಸರು ವಾರಕ್ಕೆ ಒಂದು ಸಲವಾದರೂ ಬರುತ್ತದೆ.

ಇನ್ನು ಶೌಚಾಲಯ. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೈದಾನ ತಲುಪಿದ ಕೂಡಲೇ ಹೆಂಗಸರ ಶೌಚಾಲಯ ಎಲ್ಲಿ, ಬೀಗ ಹಾಕಿದ್ದಾರಾ, ಕೀ ಯಾರ ಹತ್ತಿರ ಉಂಟು ಅಂತ ವಿಚಾರಿಸಿ ಇಟ್ಟುಕೊಳ್ಳಿ. ಅತ್ತೆ ಬೇರೆ ಇದ್ದಾರೆ. ಇನ್ನೊಂದು ಕಡೆ ನಾವು ಅರ್ಧ ಗಂಟೆ ಕೀ ಹುಡುಕಿದ್ದೆವು, ಅಷ್ಟರಲ್ಲಿ ಒಂದು ಅವಧಿ ಮುಗಿದಿತ್ತು.

ಸುರತ್ಕಲ್‌ನವರು ಮತ್ತೆ

ಅಮ್ಮ, ನೀವು ಹೇಳಿದ್ದು ಸರಿ. ನಾನು ನೋಡಿದ್ದು ಪರಿಚಯದ ತಂಡ ಅಲ್ಲ, ಒಳ್ಳೆಯ ಆಟ ಸಿಕ್ಕರೆ ಸಾಕಿತ್ತು. ತನ್ನದೇ ತಂಡ ಅಂದರೆ ಬೇರೆ ವಿಷಯ. ಅಕ್ಕ, ಶನಿವಾರವೇ ಹೋಗಿ.

ಉಡುಪಿಯಿಂದ, ಅದೇ ಕಾಲೇಜಿನ ಹಳೆ ವಿದ್ಯಾರ್ಥಿ

ನಿಮ್ಮ ಕಾಲೇಜು ಯಾವುದು ಅಂತ ನನಗೆ ಗೊತ್ತಾಯಿತು, ನಾನೂ ಅಲ್ಲಿಯವನೇ. ನಾವು ನಾಲ್ಕು ಜನ ಹಿರಿಯಡ್ಕ, ಕಾರ್ಕಳ, ಬಜಗೋಳಿ, ನಾರಾವಿ ದಾರಿಯಾಗಿ ಬರುತ್ತಿದ್ದೇವೆ. ಗುರುವಾಯನಕೆರೆಯಲ್ಲಿ ನಿಮ್ಮ ದಾರಿಗೆ ಸೇರುತ್ತದೆ. ಅಲ್ಲಿ ಎಂಟಕ್ಕೆ ಸಿಗೋಣ್ವಾ? ಬೊಂಡ ನಾವು ತರುತ್ತೇವೆ. ನೀವು ಬಾಳೆಹಣ್ಣು ತನ್ನಿ.

ಬಿಜೈಯಿಂದ, ಮರು ಸೋಮವಾರ

ಎಲ್ಲರಿಗೂ ವಂದನೆ. ಹೋಗಿ ಬಂದೆವು.

ಐದೂ ಮುಕ್ಕಾಲಿಗೆ ಹೊರಟು ಎಂಟಕ್ಕೆ ಮೊದಲೇ ಗುರುವಾಯನಕೆರೆಯಲ್ಲಿ ಇದ್ದೆವು. ಟೈಸ್‌ನಲ್ಲಿ ನಮ್ಮ ಪಂದ್ಯ ಹನ್ನೊಂದಕ್ಕೆ ಅಂತ ಇತ್ತು. ಒಂದು ತಂಡ ಬರಲಿಲ್ಲ, ಒಂಬತ್ತೂವರೆಗೇ ಕರೆದರು! ಸರ್, ನಿಮ್ಮ ಮಾತು ಕೇಳದಿದ್ದರೆ ಮೊದಲ ಪಂದ್ಯವೇ ತಪ್ಪುತ್ತಿತ್ತು. ಶನಿವಾರ ಎರಡು ಪಂದ್ಯ ಗೆದ್ದು ಕೊನೆಯ ನಾಲ್ಕಕ್ಕೆ ಬಂದರು. ಭಾನುವಾರ ಲೀಗ್‌ನಲ್ಲಿ ಒಂದು ಗೆದ್ದು ಎರಡು ಸೋತರು. ಮೂರನೇ ಸ್ಥಾನ. ಕೊನೆಯ ಪಂದ್ಯ ಮೂರು ಅಂಕದಲ್ಲಿ ಹೋಯಿತು. ಅವರು ಬ್ಯಾಗ್ ತುಂಬಿಸಿ ಬರುವವರೆಗೆ ನಿಂತಿದ್ದೆವು. ಅತ್ತೆ ಕುರ್ಚಿಯಿಂದ ಎದ್ದು ಒಬ್ಬೊಬ್ಬಳ ತಲೆ ಸವರಿದರು.

ಈಗ ಎಡ ಕಾರ್ನರ್ ಆಡುವ ಹುಡುಗಿಗೆ ನಾನೂ ಅದೇ ಜಾಗದಲ್ಲಿ ಆಡಿದವಳು ಅಂತ ಯಾರೋ ಹೇಳಿದ್ದರು. "ಅಕ್ಕ, ನೀವು ಆಂಕಲ್ ಹೋಲ್ಡ್ ಹೇಗೆ ಹಾಕುತ್ತಿದ್ದಿರಿ, ತೋರಿಸಿ" ಅಂದಳು. ದಾಳಿಗೆ ಬಂದವಳ ಕಣಕಾಲು ಹಿಡಿಯುವ ಆ ಪಟ್ಟನ್ನು ಕಾರಿನ ಪಕ್ಕದ ಹುಲ್ಲಿನಲ್ಲಿ ತೋರಿಸಿದೆ. ದಾಳಿಗೆ ಬಂದದ್ದು ನನ್ನ ಮಗಳು. ಆರು ಸಲ ಬಂದಳು, ಆರು ಸಲವೂ ಬೇರೆ ಬೇರೆ ಕಾಲು ಮುಂದೆ ಇಟ್ಟಳು. ವೇಣೂರು ನೋಡಲು ಆಗಲಿಲ್ಲ, ಕತ್ತಲಾಗಿತ್ತು.

ಮುಂದಿನ ಪಂದ್ಯ ಫೆಬ್ರವರಿಯಲ್ಲಿ ಕುಂದಾಪುರದಲ್ಲಂತೆ. ಅಲ್ಲಿ ಮೈದಾನಕ್ಕೆ ಹತ್ತಿರ ಕೆಳಮಹಡಿ ರೂಮ್ ಸಿಗುವ ಜಾಗ ಗೊತ್ತಿದ್ದವರು ಹೇಳಿ. ಈ ಸಲ ಐದು ಜನ ಇರುತ್ತೇವೆ. ನಮ್ಮವರು ರಜೆಗೆ ಬರೆದಾಯಿತು. ಪಕ್ಕದ ಮನೆಯ ಹುಡುಗಿಯೂ ಬರುತ್ತಾಳೆ.