ಆರ್‌ಎಕ್ಸ್-8 ಬಿಸಿಯಾದರೆ ಸ್ಟಾರ್ಟ್ ಆಗುತ್ತಿಲ್ಲ: ಎಂಜಿನ್ನೇ ಹೋಯಿತಾ?

ಪ್ಲೇನೋ ಪುಟ್ಟ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಪ್ಲೇನೋದಲ್ಲಿ ಇದ್ದೇನೆ. ಐದು ವಾರದ ಹಿಂದೆ 2005ರ ಮಜ್ದಾ ಆರ್‌ಎಕ್ಸ್-8 ಕೊಂಡೆ. ಪಿಸ್ಟನ್ ಇಲ್ಲದ ರೋಟರಿ ಎಂಜಿನ್, 6 ಗೇರ್ ಮ್ಯಾನ್ಯುಯಲ್, 91,000 ಮೈಲಿ ಓಡಿದೆ, 3,800 ಡಾಲರ್. ಈ ದುಡ್ಡಿಗೆ 238 ಹಾರ್ಸ್‌ಪವರ್, 9,000 ಆರ್‌ಪಿಎಂ ತನಕ ಏರುವ ಕೂಪೆ ಬೇರೆ ಯಾವುದೂ ಸಿಗಲಿಲ್ಲ. ಯಾಕೆ ಇಷ್ಟು ಅಗ್ಗ ಅಂತ ಈಗ ಗೊತ್ತಾಗುತ್ತಿದೆ.

ಬೆಳಗ್ಗೆ ಕೀ ತಿರುಗಿಸಿದರೆ ಎರಡೇ ಸೆಕೆಂಡಿಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದರೆ ಮುಗೀತು. ಸೆಲ್ಫ್ ತಗೊಳ್ಳುತ್ತದೆ, ರೊಂಯ್ ರೊಂಯ್ ಅನ್ನುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಹೋದ ಶನಿವಾರ ಇಂಡಿಯನ್ ಸ್ಟೋರ್ ಮುಂದೆ 104 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಬಾನೆಟ್ ಎತ್ತಿಕೊಂಡು ಮುಕ್ಕಾಲು ಗಂಟೆ ನಿಂತಿದ್ದೆ. ಕೈಯಲ್ಲಿ ಎರಡು ಪ್ಯಾಕೆಟ್ ಮೊಸರು, ಫ್ರೋಜನ್ ತೆಂಗಿನತುರಿ. ಎಲ್ಲ ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಹೀಗೆ ಮೂರು ಸಲ ಆಗಿದೆ.

ಚೆಕ್ ಎಂಜಿನ್ ದೀಪ ಇಲ್ಲ. ಹತ್ತಿರದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿದರು, ಕೋಡ್ ಒಂದೂ ಇಲ್ಲ. ಆಮೇಲೆ "ರೋಟರಿ ಅಲ್ವಾ, ಎಂಜಿನ್ ಹೋಗಿದೆ, 6,000 ಡಾಲರ್" ಅಂದರು. ಏನೂ ಬಿಚ್ಚಿ ನೋಡಲಿಲ್ಲ. ನಂಬಬೇಕಾ?

ಬಸವನಗುಡಿ ಬುಲೆಟ್

ಸಹಾಯ ಮಾಡುವಷ್ಟು ಗೊತ್ತಿಲ್ಲ ಗುರು. ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ವ್ಯಾನ್. ಸ್ಕೂಲಿಗೆ ಅದರಲ್ಲೇ ಹೋಗುತ್ತಿದ್ದೆ. ಅದು ಯಾವತ್ತೂ ಸ್ಟಾರ್ಟ್ ಆಗದೆ ರಜೆ ಕೊಡಿಸಲಿಲ್ಲ, ಅದೊಂದೇ ಬೇಜಾರು. ಪಾಪ್‌ಕಾರ್ನ್ ಇಟ್ಟುಕೊಂಡು ಓದುತ್ತಿದ್ದೇನೆ.

ವಿ8 ವೀರಭದ್ರ

ಮಾರಿ ಬಿಡಿ. ಇಲ್ಲ ಅಂದರೆ ಆ ಎಂಜಿನ್ ಕಿತ್ತು ಎಂಟು ಸಿಲಿಂಡರ್‌ನ ವಿ8 ಕೂರಿಸಿ. ರೋಟರಿ ಸಹವಾಸ ಬೇಡ, ಆಯಿಲ್ ಕುಡಿಯುತ್ತೆ, ಪೆಟ್ರೋಲ್ ಕುಡಿಯುತ್ತೆ, ನಿಮ್ಮ ರಕ್ತನೂ ಕುಡಿಯುತ್ತೆ.

ಯೆಜ್ದಿ ಮಾವ

ವೀರಭದ್ರಪ್ಪ, ಪ್ರತಿ ಥ್ರೆಡ್ಡಲ್ಲೂ ಇದೇ ಮಾತು ನಿಂದು.

ಪುಟ್ಟ, ನಾನು ಹ್ಯೂಸ್ಟನ್‌ನಲ್ಲಿದ್ದೇನೆ. ಆರ್‌ಎಕ್ಸ್-8 ಸಾಕಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ವಯಸ್ಸಲ್ಲಿ ದೊಡ್ಡವನು, ಅದಕ್ಕೆ ನೀನು ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಒಂದು ಪ್ರಶ್ನೆ. ಗಾಡಿ ನೋಡಲು ಹೋದಾಗ ಎಂಜಿನ್ ಬಿಸಿ ಇತ್ತಾ, ತಣ್ಣಗಿತ್ತಾ?

ಪ್ಲೇನೋ ಪುಟ್ಟ

ತಣ್ಣಗಿತ್ತು ಮಾವ. ಬಾನೆಟ್ ಮುಟ್ಟಿ ನೋಡಿದೆ. ಸೆಕೆಂಡ್ ಹ್ಯಾಂಡ್ ಗಾಡಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನನಗೆ ಖುಷಿ.

ಯೆಜ್ದಿ ಮಾವ

ಬೇರೆ ಎಲ್ಲ ಗಾಡಿಗೂ ಆ ಮಾತು ಸರಿ. ಇದಕ್ಕೆ ಉಲ್ಟಾ. ರೋಟರಿ ಕೊಳ್ಳುವಾಗ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಬೇಕು. ಮಾರುವವರಿಗೆ ಈ ಗುಟ್ಟು ಗೊತ್ತಿರುತ್ತದೆ. ನಿನ್ನ ಗಾಡಿ ಮಾರಿದವನಿಗೆ ಗೊತ್ತಿತ್ತೋ ಇಲ್ಲವೋ, ಬಿಡು.

ಯಾಕೆ ಅಂತ ಹೇಳುತ್ತೇನೆ. ಇದರಲ್ಲಿ ಪಿಸ್ಟನ್ ಇಲ್ಲ. ಸಮೋಸದ ಆಕಾರದ ಎರಡು ರೋಟರ್, ಒರಳಲ್ಲಿ ಗುಂಡು ತಿರುಗಿದ ಹಾಗೆ ತಿರುಗುತ್ತವೆ. ಒಂದೊಂದು 654 ಸಿಸಿ, ಅದಕ್ಕೇ 1.3 ಲೀಟರ್ ಅನ್ನುವುದು. ಸಮೋಸದ ಮೂರು ತುದಿಯಲ್ಲೂ ಪಕ್ಕದಲ್ಲೂ ಸೀಲ್‌ಗಳಿವೆ. ಅವು ಸವೆದರೆ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿದಾಗ ಹುಟ್ಟುವ ಒತ್ತಡ, ಸೋರುತ್ತದೆ. ತಣ್ಣಗಿದ್ದಾಗ ಆಯಿಲ್ ಗಟ್ಟಿ ಇರುತ್ತದೆ, ಸಂದು ಮುಚ್ಚಿಕೊಂಡು ಹೇಗೋ ಕೆಲಸ ನಡೆಯುತ್ತದೆ. ಬಿಸಿಯಾದರೆ ಆಯಿಲ್ ನೀರಾಗುತ್ತದೆ, ಸೋರಿಕೆ ಜಾಸ್ತಿಯಾಗುತ್ತದೆ, ಸ್ಟಾರ್ಟ್ ಆಗುವಷ್ಟು ಒತ್ತಡ ಹುಟ್ಟುವುದಿಲ್ಲ. ನಿನ್ನ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅಳೆಯದೆ ಹೇಳಿದರು, ಅದು ತಪ್ಪು.

ಅಳೆಯಬೇಕು ಅಂದಿದ್ದು ಎರಡನ್ನು. ಒಂದು ಕಂಪ್ರೆಷನ್. ಇನ್ನೊಂದು, ಸೆಲ್ಫ್ ಮೋಟರ್ ಎಂಜಿನ್ನನ್ನು ಎಷ್ಟು ಜೋರಾಗಿ ತಿರುಗಿಸುತ್ತಿದೆ ಅಂತ. ತೂತು ಬಿಂದಿಗೆಗೆ ನಿಧಾನಕ್ಕೆ ನೀರು ಹಾಕಿದರೆ ಯಾವತ್ತೂ ತುಂಬುವುದಿಲ್ಲ. ಬೇಗ ಬೇಗ ಹಾಕಿದರೆ ತುಂಬುತ್ತದೆ. ಮೊದಲ ವರ್ಷಗಳ ಆರ್‌ಎಕ್ಸ್-8ಗಳಿಗೆ ಬಂದ ಸೆಲ್ಫ್ ಮೋಟರ್ ನಿಧಾನದ್ದು, ಆಮೇಲೆ ಕಂಪನಿಯೇ ಜೋರಾಗಿ ತಿರುಗುವುದನ್ನು ತಂದಿತು. ನಿನ್ನದರಲ್ಲಿ ಹಳೆಯದೇ ಇದ್ದರೆ ಅದಕ್ಕೂ ಇಪ್ಪತ್ತು ವರ್ಷ.

ಎರಡು ರೋಟರ್

ಮಾವ ಹೇಳಿದ್ದಕ್ಕೆ ಸೇರಿಸುತ್ತೇನೆ. ಫ್ಲಡ್ ಆಗಿರಬಹುದಾ ಅಂತಲೂ ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಗಾಡಿ ಸ್ವಲ್ಪ ಮುಂದೆ ತೆಗೆದು, ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಪ್ಲಗ್ ಒದ್ದೆಯಾಗುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ಕಟ್ ಆಗಿ ಗಾಳಿ ಮಾತ್ರ ಹೋಗುತ್ತದೆ.

ಪ್ಲೇನೋ ಪುಟ್ಟ

ಅದನ್ನೂ ಮಾಡಿದ್ದೆ, ಪ್ರಯೋಜನ ಆಗಲಿಲ್ಲ. ಪೆಟ್ರೋಲ್ ವಾಸನೆಯೂ ಬರುವುದಿಲ್ಲ. ಮಾವ, ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಕಂಪ್ರೆಷನ್ ಗೇಜ್ ಬಾಡಿಗೆಗೆ ಕೊಡುತ್ತಾರೆ. ಅದನ್ನು ತರಲಾ?

ಯೆಜ್ದಿ ಮಾವ

ತಾ. ಆದರೆ ಅದು ತೋರಿಸುವ ನಂಬರ್ ನಂಬಬೇಡ. ಅದು ಪಿಸ್ಟನ್ ಎಂಜಿನ್ನಿಗೆ ಮಾಡಿದ್ದು. ಒಂದು ರೋಟರ್‌ಗೆ ಮೂರು ಮುಖ. ಮೂರರಲ್ಲಿ ಎರಡು ಸತ್ತಿದ್ದರೂ ಆ ಗೇಜ್ ಚೆನ್ನಾಗಿರುವ ಒಂದರ ನಂಬರನ್ನೇ ಹಿಡಿದು ನಿಂತುಬಿಡುತ್ತದೆ. ನಿಜವಾದ ನಂಬರಿಗೆ ರೋಟರಿ ಟೆಸ್ಟರೇ ಬೇಕು.

ಗೇಜ್‌ನಿಂದ ಬೇರೆ ಕೆಲಸ ಇದೆ. ಎಂಜಿನ್ ಬಿಸಿ ಮಾಡಿಕೋ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ಗಳ ಕನೆಕ್ಟರ್ ಬಿಚ್ಚು. ಕೆಳಗಿನ ಪ್ಲಗ್ ಒಂದನ್ನು ತೆಗೆದು ಗೇಜ್ ಕೂರಿಸು. ಗೇಜ್ ಪಕ್ಕದಲ್ಲಿ ಗಾಳಿ ಬಿಡುವ ಬಟನ್ ಇರುತ್ತದೆ, ಅದನ್ನು ಒತ್ತಿ ಹಿಡಿದಿರು. ಇನ್ನೊಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲಿ. ಮುಳ್ಳು ಕುಣಿಯುತ್ತದೆ, ಪುಸ್ ಪುಸ್ ಪುಸ್ ಅನ್ನುತ್ತದೆ. ಫೋನಲ್ಲಿ ವಿಡಿಯೋ ಮಾಡು. ಮೂರೂ ಒಂದೇ ಸಮ ಇದ್ದರೆ ಸಮಾಧಾನ. ಪುಸ್ ಪುಸ್ ಫ್... ಪುಸ್ ಪುಸ್ ಫ್... ಅಂತ ಮೂರನೆಯದು ಪ್ರತಿ ಸಲ ಸೊರಗಿದರೆ ಯಾವುದೋ ಸೀಲ್ ಮುರಿದಿದೆ ಅಂತ. ಆಗ ಬೇರೆ ಮಾತೇ ಬೇಡ, ಎಂಜಿನ್ ಬಿಚ್ಚಬೇಕು.

ಇನ್ನೊಂದು. ಅದೇ ವಿಡಿಯೋದಲ್ಲಿ ಐದು ಸೆಕೆಂಡಿಗೆ ಎಷ್ಟು ಪುಸ್ ಅಂತ ಎಣಿಸು. ರೋಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗುತ್ತದೆ. ಮುಖವೂ ಮೂರು. ಹಾಗಾಗಿ ಒಂದು ಪುಸ್ ಅಂದರೆ ಶಾಫ್ಟ್‌ನ ಒಂದು ಸುತ್ತು. ಎಣಿಸಿದ್ದನ್ನು 12ರಿಂದ ಗುಣಿಸಿದರೆ ಆರ್‌ಪಿಎಂ ಬಂತು. 250ರ ಸುತ್ತಮುತ್ತ ಇರಬೇಕು.

ಪ್ಲೇನೋ ಪುಟ್ಟ

ಇವತ್ತು ಸಂಜೆ ಮಾಡಿದೆ. ಹೆಂಡತಿ ಒಳಗೆ ಕೂತು ಸೆಲ್ಫ್ ಹೊಡೆದಳು, ನಾನು ಕೆಳಗೆ ಗೇಜ್ ಹಿಡಿದಿದ್ದೆ. ಪಕ್ಕದ ಮನೆಯವರು ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದರು.

ಎರಡೂ ರೋಟರ್‌ನಲ್ಲಿ ಮುಳ್ಳು ಒಂದೇ ಸಮ ಕುಣಿಯಿತು. ಯಾವುದೂ ಸೊರಗಿಲ್ಲ. ವಿಡಿಯೋ ನಾಲ್ಕು ಸಲ ನಿಧಾನ ಮಾಡಿ ಎಣಿಸಿದೆ. ಐದು ಸೆಕೆಂಡಿಗೆ 15. ಅಂದರೆ 180 ಆರ್‌ಪಿಎಂ!

"ಹೊಸ ಪ್ಲಗ್ ಹಾಕಿಸಿದ್ದೇನೆ" ಅಂತ ಮಾರಿದವರು ಹೇಳಿದ್ದರು. ತೆಗೆದ ಪ್ಲಗ್ ಹೊಸದಲ್ಲ, ತುದಿ ಎಲ್ಲ ಸವೆದಿದೆ.

ಯೆಜ್ದಿ ಮಾವ

180 ಅಂದರೆ ಒಳ್ಳೆ ಎಂಜಿನ್ನೂ ಬಿಸಿಯಲ್ಲಿ ಒದ್ದಾಡುತ್ತದೆ. ಪ್ಲಗ್ ತೆಗೆದು ಹಗುರ ಮಾಡಿದಾಗಲೇ ಇಷ್ಟು ನಿಧಾನ. ಸೆಲ್ಫ್ ಮೋಟರ್ ಆರ್ಡರ್ ಮಾಡುವ ಮೊದಲು ಹತ್ತು ನಿಮಿಷದ ಕೆಲಸ ಇದೆ. ಮಲ್ಟಿಮೀಟರ್ ತಗೋ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ತುದಿಗೆ ಇಟ್ಟು ನೋಡು, 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಆಮೇಲೆ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬಾಡಿಗೆ. ಮತ್ತೆ ಸೆಲ್ಫ್. ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ವೈರ್ ಕೈ ಕೊಟ್ಟಿದೆ.

ಪ್ಲಗ್ ನಾಲ್ಕೂ ಬದಲಾಯಿಸು. ಕೆಳಗಿನದು, ಮೇಲಿನದು ಬೇರೆ ಬೇರೆ ನಂಬರ್, ಅದಲು ಬದಲು ಮಾಡಬೇಡ. ಕಾಯಿಲ್ ನಾಲ್ಕೂ ಹೊಸದು ಹಾಕು. ಅದರಲ್ಲಿ ಮಾತ್ರ ಜುಗ್ಗತನ ಬೇಡ. ಕಾಯಿಲ್ ಸೊರಗಿದರೆ ಸುಡದ ಪೆಟ್ರೋಲ್ ಸೀದಾ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತದೆ. ಅದು ಕರಗಿ ಕಟ್ಟಿಕೊಂಡರೆ ಬಿಸಿ ಹಿಂದಕ್ಕೆ ಬಂದು ಸೀಲ್‌ಗಳನ್ನು ತಿನ್ನುತ್ತದೆ. ನಾನು ಕಂಡ ಸತ್ತ ಎಂಜಿನ್‌ಗಳಲ್ಲಿ ಎಷ್ಟೋ ಕಾಯಿಲ್‌ನಿಂದ ಸತ್ತವು.

ಪ್ಲೇನೋ ಪುಟ್ಟ

ಬ್ಯಾಟರಿ ಸರಿ ಇದೆ, ಸೆಲ್ಫ್ ಹೊಡೆಯುವಾಗ 10.4. ಎಂಜಿನ್ ಬಾಡಿಗೆ ಇಟ್ಟರೆ 0.9! ಅರ್ಥ್ ವೈರ್‌ನ ತುದಿ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ಹಳೇ ಹಿತ್ತಾಳೆ ಚೊಂಬಿನ ಹಾಗೆ. ಉಜ್ಜಿ ಕೂರಿಸಿದೆ. ಈಗ ಐದು ಸೆಕೆಂಡಿಗೆ 17 ಪುಸ್, 204 ಆರ್‌ಪಿಎಂ. ಬಿಸಿಯಲ್ಲಿ ಹನ್ನೆರಡು ಸೆಕೆಂಡ್ ಸೆಲ್ಫ್ ಹೊಡೆದರೆ ಒಲ್ಲದ ಮನಸ್ಸಿನಿಂದ ಸ್ಟಾರ್ಟ್ ಆಯಿತು.

ಹೊಸ ಸೆಲ್ಫ್ ಮೋಟರ್, ಪ್ಲಗ್, ಕಾಯಿಲ್, ಎಲ್ಲ ಆರ್ಡರ್ ಮಾಡಿದೆ.

ವಿ8 ವೀರಭದ್ರ

ವಿ8 ಎಂಜಿನ್ ಲಿಂಕ್ ಬೇಕಾದರೆ ಕಳಿಸುತ್ತೇನೆ, ಸುಮ್ನೆ ಹೇಳಿದೆ.

ಪ್ಲೇನೋ ಪುಟ್ಟ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸೆಲ್ಫ್ ಮೋಟರ್ ನಾನೇ ಬದಲಾಯಿಸಿದೆ. ಗಾಡಿ ಎತ್ತಿ ಅಡಿಯಿಂದ ಕೆಲಸ. ಮೇಲಿನ ಬೋಲ್ಟ್ ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲೇ ಹುಡುಕಬೇಕು. ಉದ್ದ ಎಕ್ಸ್‌ಟೆನ್ಷನ್ ಇಲ್ಲದೆ ಒಂದು ಭಾನುವಾರ ಪೂರ್ತಿ ಹೋಯಿತು.

ಆಮೇಲೆ ಫೋರ್ಟ್ ವರ್ತ್ ಕಡೆ ರೋಟರಿ ಮಾತ್ರ ಮಾಡುವವರ ಹತ್ತಿರ ಹೋಗಿ ಸರಿಯಾದ ಟೆಸ್ಟ್ ಮಾಡಿಸಿದೆ. 262 ಆರ್‌ಪಿಎಂ ಬಂತು. ಮುಂದಿನ ರೋಟರ್ 7.4, 7.3, 7.5. ಹಿಂದಿನದು 7.2, 7.1, 7.2. ಕೆಜಿ ಪ್ರತಿ ಚದರ ಸೆಂಟಿಮೀಟರ್ ಲೆಕ್ಕದಲ್ಲಿ. ಹೇಗಿದೆ ಮಾವ?

ಯೆಜ್ದಿ ಮಾವ

250 ಆರ್‌ಪಿಎಂನಲ್ಲಿ ಹೊಸ ಎಂಜಿನ್ 8.5, ಕಡೇ ಮಿತಿ 6.9. ನಿಂದು ಪಾಸ್, ಆದರೆ ಫಸ್ಟ್ ಕ್ಲಾಸ್ ಅಲ್ಲ, ಜಸ್ಟ್ ಪಾಸ್‌ಗಿಂತ ಸ್ವಲ್ಪ ಮೇಲೆ. ಮೂರು ಮುಖದ ನಡುವೆ ವ್ಯತ್ಯಾಸ ಕಡಿಮೆ, ಅದು ಒಳ್ಳೇದು. ಎಷ್ಟು ದಿನ ಬರುತ್ತದೆ ಅಂತ ಕೇಳಬೇಡ. ಎಂಜಿನ್ನಿಗೆ ಅಂತ ತಿಂಗಳಿಗೆ ಇಷ್ಟು ಅಂತ ಎತ್ತಿಡು. ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸು.

ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಂದು ಸಲ ಆಯಿಲ್ ಕಡ್ಡಿ ಎಳೆದು ನೋಡು. ಸೀಲ್‌ಗಳಿಗೆ ಎಣ್ಣೆ ಸಿಗಲಿ ಅಂತ ಇದು ಬೇಕಂತಲೇ ಆಯಿಲ್ ಸುಡುತ್ತದೆ. ನಾನಂತೂ ಪೆಟ್ರೋಲ್ ಜೊತೆ 2ಟಿ (ಟೂ ಸ್ಟ್ರೋಕ್) ಆಯಿಲ್ ಸೇರಿಸುತ್ತೇನೆ, ಗ್ಯಾಲನ್‌ಗೆ ಅರ್ಧ ಔನ್ಸ್. ಮೈಸೂರಲ್ಲಿ ಯೆಜ್ದಿಗೆ ಬಂಕ್‌ನಲ್ಲಿ ಹಾಕಿಸುತ್ತಿದ್ದ ಹಾಗೆ. ಯಮಹಾ ಆರ್‌ಎಕ್ಸ್-100 ಬೈಕ್ ಇಟ್ಟುಕೊಂಡಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವರು ಇದು ಬೇಡ ಅನ್ನುತ್ತಾರೆ, ಅವರ ಗಾಡಿ ಅವರಿಗೆ.

ಮಂಡ್ಯ ಮೈಲೇಜ್

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಶಾರ್ಲೆಟ್‌ನಲ್ಲಿದ್ದೇನೆ. ಇಲ್ಲಿ 2009ರ ಆರ್‌ಎಕ್ಸ್-8, ಆರ್3 ಮಾಡೆಲ್ ಒಂದು ಮಾರಾಟಕ್ಕಿದೆ, 2007ರದ್ದೂ ಒಂದಿದೆ, ಬೆಲೆ ಅರ್ಧ. ಯಾವುದು ನೋಡಲಿ?

ಎರಡು ರೋಟರ್

ಮೇಡಂ, 2009ರಿಂದ ಪ್ರತಿ ರೋಟರ್‌ಗೆ ಎಣ್ಣೆ ಚಿಮ್ಮಿಸುವ ನಳಿಕೆ ಎರಡರ ಬದಲು ಮೂರಾಯಿತು. ದುಡ್ಡು ಇದ್ದರೆ ಅದೇ. ಆದರೆ 2004ರಿಂದ 2008ರ ಗಾಡಿಗಳಿಗೆ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಹೆಚ್ಚಿಸಿದ್ದರು. ಹಾಗಾಗಿ ಎಷ್ಟೋ ಗಾಡಿಗೆ ಎಂಜಿನ್ ಬದಲಾಗಿದೆ. 2007ರದ್ದರ ಕಾಗದ ಕೇಳಿ. ಎಷ್ಟು ಮೈಲಿಗೆ ಬದಲಾಯಿತು, ಆಮೇಲೆ ಎಷ್ಟು ಓಡಿದೆ ಅಂತ. ಮೀಟರ್ ನೋಡಿ ಲೆಕ್ಕ ಹಾಕಬೇಡಿ.

ಯೆಜ್ದಿ ಮಾವ

ಮತ್ತೆ ಎರಡರಲ್ಲೂ ಬಿಸಿ ಸ್ಟಾರ್ಟ್ ನೋಡಮ್ಮ. ಹತ್ತು ನಿಮಿಷ ಕಾಯಲು ಅವರು ಬಿಡಲ್ಲ ಅಂದರೆ ಕಾಫಿ ಕುಡಿಸಿ ಮಾತಾಡಿಸು. ಅದಕ್ಕೂ ಒಪ್ಪದಿದ್ದರೆ ಮನೆಗೆ ಬಾ.

ಪ್ಲೇನೋ ಪುಟ್ಟ

ನನ್ನ ಕಡೆಯ ಅಪ್‌ಡೇಟ್. ನಿನ್ನೆ ಕಾಲಿನ್ ಕೌಂಟಿಯ ಎಮಿಷನ್ ಟೆಸ್ಟ್ ಪಾಸಾಯಿತು. ಕಳೆದ ಹನ್ನೊಂದು ದಿನದಲ್ಲಿ ಬಿಸಿ ಸ್ಟಾರ್ಟ್ 23 ಸಲ ಮಾಡಿದ್ದೇನೆ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಜಾಸ್ತಿ ಅಂದರೆ ನಾಲ್ಕು ಸೆಕೆಂಡ್. ಇಲ್ಲಿಯವರೆಗೆ ಆದ ಖರ್ಚು ಸೆಲ್ಫ್ ಮೋಟರ್, ಕಾಯಿಲ್, ಪ್ಲಗ್, ಟೆಸ್ಟ್ ಎಲ್ಲ ಸೇರಿ 690 ಡಾಲರ್. ಮಾವ, 2ಟಿ ಆಯಿಲ್ ಅಳೆಯಲು ನೀವು ಏನು ಬಳಸುತ್ತೀರಿ? ಮನೆಯಲ್ಲಿ ಮಗುವಿನ ಔಷಧಿ ಮುಚ್ಚಳ ತೆಗೆದುಕೊಂಡಿದ್ದಕ್ಕೆ ಬೈಸಿಕೊಂಡೆ.

ಯೆಜ್ದಿ ಮಾವ

ಹಾರ್ಡ್‌ವೇರ್ ಅಂಗಡಿಯಲ್ಲಿ ಗೆರೆ ಇರುವ ಪ್ಲಾಸ್ಟಿಕ್ ಬಾಟಲಿ ಸಿಗುತ್ತದೆ, ಎರಡು ಡಾಲರ್. ಡಿಕ್ಕಿಯಲ್ಲಿ ನಿಲ್ಲಿಸಿಯೇ ಇಡು. ಮಲಗಿಸಿದರೆ ಸೋರುತ್ತದೆ, ವಾಸನೆ ಒಂದು ವರ್ಷ ಹೋಗುವುದಿಲ್ಲ.