ಎಸ್‌ವಿಜಿಯಿಂದ ಪಿಡಿಎಫ್: ಸರ್ವರ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ

ತಂತಿಮನೆ: ಪ್ರಮಾಣಪತ್ರದ ಟೆಂಪ್ಲೇಟ್ ಎಸ್‌ವಿಜಿಯಲ್ಲಿದೆ (ರೇಖಾಚಿತ್ರದ ಫೈಲ್ ಮಾದರಿ). ಹೆಸರು ತುಂಬಿ ಸರ್ವರ್‌ನಲ್ಲೇ ಪಿಡಿಎಫ್ ಮಾಡಬೇಕು. ಬ್ರೌಸರ್‌ನಲ್ಲಿ ಅಚ್ಚುಕಟ್ಟಾಗಿ ಕಾಣುತ್ತೆ, ಪಿಡಿಎಫ್‌ನಲ್ಲಿ ‘ಕನ್ನಡ’ ಹೋಗಿ ‘ಕನ್‌ನಡ’ ಆಗ್ತಿದೆ. ಫಾಂಟ್ ಹಾಕಿದ್ದೇನೆ. ತಲೆ ಕೆಟ್ಟುಹೋಗಿದೆ, ನಾಳೆ ಪ್ರಿಂಟ್‌ಗೆ ಕೊಡಬೇಕು.

ಕಾಗುಣಿತ: ನುಡಿ ಆಸ್ಕಿ ಪಠ್ಯ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ಆಕಾರ ಕೊಡೋ ಹಳೇ ಪದ್ಧತಿ) ಇರಬೇಕು. ಯುನಿಕೋಡ್‌ಗೆ ಬದಲಾಯಿಸಿ.

ಮಸಿಕುಡಿಕೆ: ಆಸ್ಕಿ ಆಗಿದ್ದರೆ ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣ್ತಿತ್ತು. ಪಿಡಿಎಫ್ ಮಾಡ್ತಿರೋದು ಯಾವುದರಿಂದ?

ಕಾಗುಣಿತ: ಆ ಕಂಪ್ಯೂಟರ್‌ನಲ್ಲಿ ನುಡಿ ಫಾಂಟ್ ಇದ್ದರೆ ಬ್ರೌಸರ್‌ನಲ್ಲೂ ಸರಿಯಾಗೇ ಕಾಣುತ್ತೆ ಸರ್. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಲಿ.

ತಂತಿಮನೆ: ಅಲ್ಲೂ ಕನ್ನಡವೇ ಇದೆ. ಪಿಡಿಎಫ್ ಮಾಡ್ತಿರೋದು ಪೈಥಾನ್‌ನ ಕೈರೋಎಸ್‌ವಿಜಿ ಲೈಬ್ರರಿಯಿಂದ.

ಮಸಿಕುಡಿಕೆ: ಇದನ್ನು ಮೊದಲೇ ಹೇಳಬೇಕಿತ್ತು. ಕೈರೋಎಸ್‌ವಿಜಿ ಒಂದು ಯುನಿಕೋಡ್ ಸಂಕೇತಕ್ಕೆ ಒಂದು ಗ್ಲಿಫ್ (ಅಕ್ಷರದ ಆಕಾರ) ಇಟ್ಟು ಮುಂದೆ ಹೋಗುತ್ತೆ. ನ, ಹಲಂತ, ನ ಸೇರಿ ಒತ್ತಾಗಬೇಕು ಅನ್ನೋ ನಿಯಮ ಫಾಂಟಿನೊಳಗಿನ ಕೋಷ್ಟಕದಲ್ಲಿರುತ್ತೆ. ಅದನ್ನು ಓದಿ ಅಕ್ಷರ ಜೋಡಿಸೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಕೈರೋಎಸ್‌ವಿಜಿ ಅದನ್ನು ಕರೆಯೋದೇ ಇಲ್ಲ, ಹಾಗಾಗಿ ಯಾವ ಫಾಂಟ್ ಹಾಕಿದರೂ ಅಷ್ಟೇ. ಲಿಬ್‌ಆರ್‌ಎಸ್‌ವಿಜಿ ಅನ್ನೋ ಇನ್ನೊಂದು ಎಸ್‌ವಿಜಿ ಲೈಬ್ರರಿ, ಪಠ್ಯ ಜೋಡಿಸೋ ಪ್ಯಾಂಗೋ ಮೂಲಕ ಹಾರ್ಫ್‌ಬಜ್ ಬಳಸುತ್ತೆ. ಅದರ ಆರ್‌ಎಸ್‌ವಿಜಿ-ಕನ್ವರ್ಟ್ ಕಮಾಂಡ್‌ಗೆ ಫಾರ್ಮ್ಯಾಟ್ ಪಿಡಿಎಫ್ ಅಂತ ಕೊಡಿ. ಸಿಎಸ್‌ಎಸ್‌ನಲ್ಲಿ ಕೊಟ್ಟ ವೆಬ್ ಫಾಂಟನ್ನು ಅದು ಎತ್ತಿಕೊಳ್ಳಲ್ಲ. ನೋಟೋ ಸಾನ್ಸ್ ಕನ್ನಡ ಸಿಸ್ಟಂನಲ್ಲೇ ಇರಬೇಕು.

ಬೆಳ್ಳಿಚುಕ್ಕಿ: ಇಷ್ಟೆಲ್ಲ ಯಾಕೆ? ಹೆಡ್‌ಲೆಸ್ ಕ್ರೋಮಿಯಂ (ಕಿಟಕಿ ತೆರೆಯದೆ ಓಡೋ ಬ್ರೌಸರ್) ಹಾಕಿ. ನಮ್ಮ 64 ಜಿಬಿ ಸರ್ವರ್‌ನಲ್ಲಿ ಸದಾ ಓಡ್ತಿರುತ್ತೆ, ವೆಬ್ ಫಾಂಟ್ ಕೂಡ ಬರುತ್ತೆ.

ಮಸಿಕುಡಿಕೆ: ಒಂದು ಪುಟಕ್ಕೋಸ್ಕರ ಇಡೀ ಬ್ರೌಸರ್ ಎಬ್ಬಿಸಬೇಕಾ? ಸಣ್ಣ ವಿಪಿಎಸ್‌ನಲ್ಲಿ (ಬಾಡಿಗೆ ವರ್ಚುವಲ್ ಸರ್ವರ್) ನಾಲ್ಕು ಕೋರಿಕೆ ಒಟ್ಟಿಗೆ ಬಂದರೆ ಮೆಮೊರಿ ಸಾಲದೆ ಪ್ರೋಸೆಸ್ ಸಾಯುತ್ತೆ.

ತಂತಿಮನೆ: ಆರ್‌ಎಸ್‌ವಿಜಿ ಟರ್ಮಿನಲ್‌ನಲ್ಲಿ ಸರಿಯಾಗಿದೆ. ಸೈಟ್ ಮೂಲಕ ಮಾಡಿದರೆ ಅಕ್ಷರದ ಜಾಗದಲ್ಲಿ ಬರೀ ಡಬ್ಬ ಡಬ್ಬ!

ಮಸಿಕುಡಿಕೆ: ಫಾಂಟ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿದೆ. ವೆಬ್ ಸರ್ವರ್ ಬೇರೆ ಬಳಕೆದಾರನ ಹೆಸರಲ್ಲಿ ಓಡುತ್ತೆ, ಅವನಿಗೆ ಅದು ಕಾಣಲ್ಲ. /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್‌ಗೆ ಹಾಕಿ, ಓದೋ ಅನುಮತಿ ಕೊಟ್ಟು, ಫಾಂಟ್ ಪಟ್ಟಿ ಹೊಸದು ಮಾಡೋ ಎಫ್‌ಸಿ-ಕ್ಯಾಶ್ ಕಮಾಂಡ್ ಓಡಿಸಿ. ಆಮೇಲೆ ಆ ಬಳಕೆದಾರನಾಗಿಯೇ ಎಫ್‌ಸಿ-ಲಿಸ್ಟ್ ಕೊಟ್ಟು ಕನ್ನಡ ಫಾಂಟ್ ಪಟ್ಟಿಯಲ್ಲಿದೆಯಾ ನೋಡಿ. ಸೈಟನ್ನು ಡಾಕರ್ ಕಂಟೇನರ್‌ನಲ್ಲಿ ಓಡಿಸ್ತಿದ್ದರೆ ಫಾಂಟ್ ಅದರ ಇಮೇಜ್ ಒಳಗೇ ಇರಬೇಕು.

ಕಾಗುಣಿತ: ಅಳತೆಯನ್ನೂ ನೋಡಿಕೊಳ್ಳಿ. ಅಗಲ ಎತ್ತರವನ್ನು 297 ಮಿ.ಮೀ., 210 ಮಿ.ಮೀ. ಅಂತ ಮಾನದ ಸಮೇತ ಬರೆದು ವ್ಯೂಬಾಕ್ಸ್ (ಚಿತ್ರದ ಒಳಗಿನ ಅಳತೆಯ ಚೌಕಟ್ಟು) ಕೊಡಿ. ಬರೀ ಅಂಕಿ ಬರೆದರೆ ಪಿಕ್ಸೆಲ್ ಅಂತ ಲೆಕ್ಕ. ಎಸ್‌ವಿಜಿ ಬಿಡಿಸೋ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ 0.91ರವರೆಗೆ ಇಂಚಿಗೆ 90 ಪಿಕ್ಸೆಲ್ ಇತ್ತು, 0.92ರಿಂದ 96. ಹಳೇ ಟೆಂಪ್ಲೇಟ್ ಆದರೆ ಶೇ. 6.25ರಷ್ಟು ಕುಗ್ಗಿ ಬರುತ್ತೆ.

ಬೆಳ್ಳಿಚುಕ್ಕಿ: ಕ್ರೋಮಿಯಂನಲ್ಲೂ ಪೇಜ್ ಸೈಜ್ ಕೊಟ್ಟು ಮಾರ್ಜಿನ್ 0 ಮಾಡಿದರೆ ಮುಗೀತು.

ತಂತಿಮನೆ: ಡಬ್ಬ ಹೋಯ್ತು, ಒತ್ತಕ್ಷರ ಸರಿಯಾಯ್ತು. ಈಗ ಲೋಗೋ ಮಾಯ. ಪಿಎನ್‌ಜಿ ಅದೇ ಫೋಲ್ಡರ್‌ನಲ್ಲೇ ಇದೆ.

ಮಸಿಕುಡಿಕೆ: ಎಸ್‌ವಿಜಿಯನ್ನು ಫೈಲ್ ಆಗಿ ಕೊಡ್ತಿದೀರಾ, ಪೈಪ್ ಮಾಡ್ತಿದೀರಾ (ಫೈಲ್ ಇಲ್ಲದೆ ಪಠ್ಯವನ್ನೇ ನೇರ ಕಮಾಂಡ್‌ಗೆ ಹರಿಸೋದು)? ಪೈಪ್ ಆದರೆ ಚಿತ್ರವನ್ನು ಯಾವ ಫೋಲ್ಡರ್‌ನಲ್ಲಿ ಹುಡುಕಬೇಕು ಅಂತ ಅದಕ್ಕೆ ತಿಳಿಯಲ್ಲ. ಪಿಎನ್‌ಜಿಯನ್ನು ಬೇಸ್64 (ಚಿತ್ರವನ್ನು ಅಕ್ಷರಗಳಾಗಿ ಬರೆಯೋ ವಿಧಾನ) ಮಾಡಿ ಎಸ್‌ವಿಜಿ ಒಳಗೇ ಸೇರಿಸಿಬಿಡಿ.